ಏರಿ ಕಾಯುವವರು ಯಾರು?

ಬಯಲುಸೀಮೆಯ ಊರುಗಳು ಕೆರೆಯ ಆಸರೆಯಲ್ಲಿ ಬೆಳೆದವು. ಕರ್ನಾಟಕದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ ಎಂಬುದು ಲೆಕ್ಕ. ಇವುಗಳಲ್ಲಿ ತಾನಾಗಿ ಹುಟ್ಟಿದ ಸರೋವರ ಎನ್ನಬಹುದಾದದ್ದು ತೀರಾ ಅಪರೂಪ. ಹೆಚ್ಚುಕಡಿಮೆ ಪ್ರತಿಯೊಂದನ್ನೂ ಮನುಷ್ಯರು ಮಣ್ಣು ಹೊತ್ತು, ಕಲ್ಲು ಜೋಡಿಸಿ ಕಟ್ಟಿದ್ದಾರೆ. ಹೀಗೆ ಕಟ್ಟಿದ ಕೆರೆ ಉಳಿಯಬೇಕಾದರೆ ವರ್ಷವರ್ಷವೂ ಯಾರಾದರೂ ಅದಕ್ಕೆ ಕೈ ಹಚ್ಚಲೇಬೇಕು. ನಾಲ್ಕು ಮಳೆಗಾಲ ಯಾರೂ ಏರಿಯತ್ತ ಸುಳಿಯದಿದ್ದರೆ ಕೆರೆ ತನ್ನಷ್ಟಕ್ಕೆ ಸಾಯತೊಡಗುತ್ತದೆ. ಒಂದು ಊರಿನ ಜನ ಸುತ್ತಲಿನ ನೆಲಜಲದ ಹೊಣೆಯನ್ನು, ನೆರೆಹೊರೆಯ ಹೊಣೆಯನ್ನು, ತಮ್ಮ ತಿಳಿವಳಿಕೆಯ ಹೊಣೆಯನ್ನು ಎಷ್ಟರಮಟ್ಟಿಗೆ ಹೊತ್ತಿದ್ದಾರೆಂದು ತಿಳಿಯಲು ಅಲ್ಲಿನ ಕೆರೆಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಕೆರೆಯ ರಚನೆ ನೋಡಲು ಸರಳ. ಇಳಿಜಾರಿನಲ್ಲಿ ಹರಿದುಬರುವ ಮಳೆನೀರಿಗೆ ಅಡ್ಡಲಾಗಿ ಮಣ್ಣಿನ ಏರಿ, ಏರಿಯ ಒಳಮೈಗೆ ಅಲೆ ಕೊರೆಯದಂತೆ ಕಲ್ಲಿನ ಹೊದಿಕೆ, ಗದ್ದೆಗೆ ನೀರು ಬಿಡಲು ತೂಬು, ಮಿತಿಮೀರಿದ ನೀರು ಹೊರಹೋಗಲು ಕೋಡಿ. ಏರಿಯ ಕೆಳಗೆ ನೀರುಣ್ಣುವ ಗದ್ದೆ ತೋಟಗಳೆಲ್ಲ ಅಚ್ಚುಕಟ್ಟು. ಏರಿಯ ಹಿಂದೆ, ಮಳೆಗಾಲದಲ್ಲಿ ನೀರು ಹರಡಿಕೊಂಡು ಬೇಸಿಗೆಯಲ್ಲಿ ದನಕುರಿ ಮೇಯುವ ಜಾಗ ಕೆರೆಯಂಗಳ. ಒಂದು ಕೆರೆಯ ಕೋಡಿ ಬಿದ್ದ ನೀರು ಹಳ್ಳವಾಗಿ ಹರಿದು ಮುಂದಿನ ಕೆರೆಗೆ ಸೇರುತ್ತದೆ, ಅಲ್ಲಿಂದ ಅದರ ಮುಂದಿನದಕ್ಕೆ. ಕೋಲಾರ, ತುಮಕೂರು, ಬೆಂಗಳೂರು ಸೀಮೆಗಳಲ್ಲಿ ಇಂಥ ಸರಪಳಿಗಳು ಹತ್ತಾರು ಮೈಲಿ ಸಾಗುತ್ತವೆ. ಮೇಲಿನ ಊರಿನವರು ಕಾಲುವೆ ಮುಚ್ಚಿದರೆ ಕೆಳಗಿನ ಊರಿಗೆ ನೀರಿಲ್ಲ. ಮೇಲಿನ ಕೆರೆಯ ಏರಿ ಒಡೆದರೆ ಕೆಳಗಿನ ಏರಿಗಳೂ ಒಂದರ ಹಿಂದೊಂದರಂತೆ ಒಡೆಯಬಹುದು. ಒಂದೂರಿನ ಆಲಸ್ಯದ ದಂಡವನ್ನು ಇನ್ನೊಂದೂರು ತೆರಬೇಕಾಗುವ ವ್ಯವಸ್ಥೆ ಇದು. ಹಾಗಾಗಿ ಇಲ್ಲಿ ಹೊಣೆ ಊರಿನ ಎಲ್ಲೆಗೆ ನಿಲ್ಲುವಂತಿರಲಿಲ್ಲ.

ಈ ಮಾತನ್ನು ಹಿಂದಿನವರು ಕಲ್ಲಿನ ಮೇಲೇ ಬರೆದಿಟ್ಟಿದ್ದಾರೆ. ವಿಜಯನಗರದ ಒಂದನೇ ಬುಕ್ಕರಾಯನ ಮಗ ಭಾಸ್ಕರ ಈಗಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ದೊಡ್ಡ ಕೆರೆಯೊಂದನ್ನು ಕಟ್ಟಿಸಿದ. 1369ರ ಅಲ್ಲಿನ ಶಾಸನ ಆ ಕೆಲಸಕ್ಕೆ ಒಂದು ಸಾವಿರ ಆಳುಗಳು, ನೂರು ಬಂಡಿಗಳು, ಎರಡು ವರ್ಷ ಹಿಡಿಯಿತೆಂದು ಹೇಳುತ್ತದೆ. ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ಅಂಗಗಳಲ್ಲಿ ಗಟ್ಟಿ ನೆಲ, ಎರಡು ಗುಡ್ಡಗಳ ನಡುವಿನ ಜಾಗ, ಕಲ್ಲಿನ ಗಣಿಯ ಜೊತೆಗೆ ಜಲಶಾಸ್ತ್ರ ಬಲ್ಲವನು ಮತ್ತು ಕೆರೆ ಕಟ್ಟುವುದರಲ್ಲಿ ನುರಿತ ಕೆಲಸಗಾರರೂ ಸೇರಿದ್ದಾರೆ. ತಿಳಿದ ತಲೆ, ಪಳಗಿದ ಕೈಗಳನ್ನೂ ಕೆರೆಯ ಅಂಗವೆಂದೇ ಎಣಿಸಿದ್ದು ಗಮನಿಸಬೇಕಾದ ಸಂಗತಿ. ದೋಷಗಳ ಪಟ್ಟಿ ಇನ್ನೂ ಸ್ವಾರಸ್ಯದ್ದು. ಏರಿಯಿಂದ ನೀರು ಜಿನುಗುವುದು, ಸವುಳು ಮಣ್ಣು, ಅಂಗಳದ ನಡುವೆ ದಿಬ್ಬ, ನೆಲ ಹೆಚ್ಚು ನೀರು ಕಡಿಮೆ, ನೀರು ಹೆಚ್ಚು ನೆಲ ಕಡಿಮೆ. ಇವೆಲ್ಲ ಕಟ್ಟುವವರ ಲೆಕ್ಕಾಚಾರ. ಆದರೆ ಇದೇ ಪಟ್ಟಿಯಲ್ಲಿ ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು ದೋಷ. ನೆಲ, ನೀರು, ಕಲ್ಲು ಎಲ್ಲ ಸರಿಯಿದ್ದರೂ ಯಾರ ಕೆರೆಯೆಂದು ಖಚಿತವಿಲ್ಲದಿದ್ದರೆ ಅದು ನಿಲ್ಲದು ಎಂಬ ಅನುಭವ ಆ ಸಾಲಿನ ಹಿಂದಿದೆ. ಸುಮಾರು ಆರೂವರೆ ಶತಮಾನಗಳ ನಂತರವೂ ಕೆರೆಗಳು ಸಾಯುತ್ತಿರುವುದು ಬಹುಪಾಲು ಇದೇ ದೋಷದಿಂದ.

ಕೆರೆಯನ್ನು ಕಟ್ಟಿಸಿದವರಿಗೆ, ಕಾಪಾಡಿದವರಿಗೆ ಅಚ್ಚುಕಟ್ಟಿನಲ್ಲೇ ಭೂಮಿ ಬಿಡುವ ಪದ್ಧತಿ ಕನ್ನಡ ನಾಡಿನಲ್ಲಿ ಬಹಳ ಹಳೆಯದು. ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಗೊಡಗೆ, ಕೆರೆಗೊಡಗೆಗಳೆಲ್ಲ ಈ ಬಗೆಯವು. ಹೂಳು ಸಾಗಿಸುವ ಬಂಡಿಯ ಖರ್ಚಿಗೆಂದು ದತ್ತಿ ಬಿಟ್ಟ ಉದಾಹರಣೆಗಳೂ ಇವೆ. ಪುಣ್ಯದ ಮಾತು ಶಾಸನದಲ್ಲಿ ಇದ್ದೇ ಇರುತ್ತದೆ. ಆದರೆ ಪುಣ್ಯವನ್ನೊಂದೇ ನೆಚ್ಚದೆ ವರ್ಷದ ಖರ್ಚಿಗೆ ದಾರಿ ಮಾಡಿಟ್ಟದ್ದು ಆ ಕಾಲದವರ ಜಾಣತನ.

ದಿನನಿತ್ಯದ ಹೊಣೆ ನೀರುಗಂಟಿಯದು. ತೂಬು ಎತ್ತುವುದು, ಇಳಿಸುವುದು, ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುವುದು ಅವನ ಕೆಲಸ. ಅಚ್ಚುಕಟ್ಟಿನ ರೈತ ತನ್ನ ಗದ್ದೆಗೆ ತಾನೇ ನೀರು ತಿರುಗಿಸಿಕೊಳ್ಳುವಂತಿರಲಿಲ್ಲ. ಅದರಿಂದಲೇ ತೂಬಿನ ಬಳಿಯ ಗದ್ದೆಗೂ ಕಟ್ಟಕಡೆಯ ಗದ್ದೆಗೂ ನೀರು ಮುಟ್ಟುತ್ತಿತ್ತು. ಮಳೆ ಕಡಿಮೆಯಾದ ವರ್ಷ ಎಷ್ಟು ನೆಲಕ್ಕೆ ನೀರು ಸಾಕಾದೀತು, ಭತ್ತ ನಾಟಿ ಮಾಡಬಹುದೇ ಅಥವಾ ರಾಗಿಗೆ ಇಳಿಯಬೇಕೇ ಎಂದು ಊರಿನವರು ಕೂತು ತೀರ್ಮಾನಿಸುವಾಗ ಅವನ ಅಂದಾಜಿಗೆ ಬೆಲೆಯಿತ್ತು. ಸುಗ್ಗಿಯಲ್ಲಿ ಕಣದಲ್ಲೇ ಅವನಿಗೆ ಕಾಳಿನ ರೂಪದಲ್ಲಿ ಆಯ ಸಲ್ಲುತ್ತಿತ್ತು. ಬೆಳೆ ಬಂದರೆ ಅವನಿಗೂ ಬಂತು.

ನೀರುಗಂಟಿಯ ವಿದ್ಯೆ ಗೊತ್ತಾಗುವುದು ಮಳೆಗಾಲದ ಸಂಜೆ ಅವನು ಏರಿಯ ಮೇಲೆ ನಡೆಯುವಾಗ. ಕಣ್ಣು ನೀರಿನ ಕಡೆಗಿಂತ ಏರಿಯ ಹೊರಮೈ ಕಡೆಗೇ ಹೆಚ್ಚು. ಹೆಗ್ಗಣ ತೋಡಿದ ಬಿಲ, ಏಡಿ ಕೊರೆದ ತೂತು, ಹೊಸದಾಗಿ ಎದ್ದ ಹುತ್ತ ಕಂಡರೆ ಮಣ್ಣು ತುಂಬಿ ದಮ್ಮಸು ಮಾಡಬೇಕು. ಏರಿಯ ಬುಡದಲ್ಲಿ ನೀರು ಜಿನುಗುತ್ತಿದ್ದರೆ ಅಂಗೈಯಲ್ಲಿ ಹಿಡಿದು ನೋಡಬೇಕು. ತಿಳಿಯಾಗಿದ್ದರೆ ಕಾಯಬಹುದು. ಕದಡಿ ಬರುತ್ತಿದ್ದರೆ ಏರಿಯ ಒಳಗಿನ ಮಣ್ಣೇ ಕೊಚ್ಚಿಬರುತ್ತಿದೆ ಎಂದರ್ಥ, ಆಗ ರಾತ್ರಿಯಾಗಿದ್ದರೂ ಊರನ್ನು ಎಬ್ಬಿಸಬೇಕು. ಏರಿಯ ಮೇಲೆ ದೊಡ್ಡ ಮರ ಬೆಳೆಯಗೊಡಬಾರದು, ಮರ ಸತ್ತು ಬೇರು ಕೊಳೆತ ಜಾಗದಲ್ಲಿ ನೀರಿಗೆ ದಾರಿಯಾಗುತ್ತದೆ. ಇಂದಿನ ಅಣೆಕಟ್ಟೆ ಎಂಜಿನಿಯರರು ಮಣ್ಣಿನ ಏರಿಯಲ್ಲಿ ಹುಡುಕುವುದೂ ಇದೇ ಲಕ್ಷಣಗಳನ್ನು. ಶಾಲೆಯ ಮುಖ ಕಾಣದವನು ಇಷ್ಟನ್ನು ಕಲಿತದ್ದು ಹೊಣೆ ಹೆಗಲ ಮೇಲಿದ್ದ ಕಾರಣಕ್ಕೆ.

ಹೂಳಿನ ವ್ಯವಹಾರವೂ ಹೀಗೇ ಒಬ್ಬರ ಲಾಭ ಎಲ್ಲರ ಲಾಭವಾಗುವಂಥದ್ದು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಗಾಡಿ ಕಟ್ಟಿಕೊಂಡು ಬಂದು ಗೋಡು ತುಂಬಿಸಿ ಹೊಲಕ್ಕೆ ಹೊಡೆಯುತ್ತಿದ್ದರು. ನೀರು ಹಿಡಿದಿಡುವ ಆ ನುಣ್ಣನೆ ಕಪ್ಪು ಮಣ್ಣು ಬಿದ್ದ ಕೆಂಪು ಹೊಲ ಕೆಲವು ವರ್ಷ ಚೆನ್ನಾಗಿ ಬೆಳೆಯುತ್ತಿತ್ತು. ಕುಂಬಾರರು ತಮಗೆ ಬೇಕಾದ ಜಿಗುಟು ಮಣ್ಣು ಒಯ್ಯುತ್ತಿದ್ದರು. ಯಾರ ಉಪದೇಶವೂ ಇಲ್ಲದೆ ಕೆರೆ ಆಳವಾಗಿಯೇ ಉಳಿಯುತ್ತಿತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ಸತ್ಯದ ಅರ್ಧವನ್ನು ಮುಚ್ಚಿಟ್ಟಂತೆ. ಹಳೆಯ ಕೆರೆ ವ್ಯವಸ್ಥೆಯಲ್ಲಿ ಹೊಣೆ ಮತ್ತು ಹಕ್ಕು ಒಂದೇ ಹೆಗಲಿನ ಮೇಲಿರಲಿಲ್ಲ. ನೀರುಗಂಟಿ ಹೆಚ್ಚಿನ ಕಡೆ ದಲಿತ ಕುಟುಂಬದವನು. ಅಚ್ಚುಕಟ್ಟಿನ ಒಳ್ಳೆಯ ಗದ್ದೆಗಳು ಮೇಲುಜಾತಿಯವರ, ಊರ ಪ್ರಮುಖರ ಕೈಯಲ್ಲಿ. ರಾತ್ರಿಯೆಲ್ಲ ಏರಿ ಕಾದವನಿಗೆ ಎಷ್ಟೋ ಊರುಗಳಲ್ಲಿ ಕುಡಿಯುವ ನೀರಿನ ಕಟ್ಟೆಯ ಮೆಟ್ಟಿಲು ಇಳಿಯುವ ಹಕ್ಕಿರಲಿಲ್ಲ. ಏರಿಗೆ ಮಣ್ಣು ಹಾಕುವ ಬಿಟ್ಟಿ ಕೆಲಸವೂ ಬಡವರ ಪಾಲಿನದು. 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡ್‌ನಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಚವದಾರ್ ಕೆರೆಗೆ ನಡೆದು ಅದರ ನೀರು ಕುಡಿದರು. ಸಾರ್ವಜನಿಕ ನೀರು ಎಲ್ಲರದೆಂದು ಸಾರಿದ ಆ ಘಟನೆ ಕೆರೆಯ ಹೊಣೆಯ ಚರ್ಚೆಗೆ ಹೊರಗಿನದಲ್ಲ. ಯಾರಿಗೆ ನೀರಿನ ಹಕ್ಕಿಲ್ಲವೋ ಅವರ ಮೇಲೆ ಹೊರಿಸಿದ ಹೊಣೆಗೆ ದಬ್ಬಾಳಿಕೆಯೆಂದೇ ಹೆಸರು. ಹಳೆಯ ಕಾಲವೇ ಚೆನ್ನಿತ್ತು ಎನ್ನುವವರು ಇದನ್ನು ಮರೆಯಬಾರದು.

ಆ ವ್ಯವಸ್ಥೆ ಕುಸಿದದ್ದು ಒಂದೇ ಏಟಿಗಲ್ಲ. ಮೈಸೂರು ಸೀಮೆಗೆ ಬ್ರಿಟಿಷ್ ಕಮಿಷನರರ ಆಡಳಿತ ಬಂದ ಮೇಲೆ ದೊಡ್ಡ ಕೆರೆಗಳ ದುರಸ್ತಿ ಸರ್ಕಾರದ ಇಲಾಖೆಗಳಿಗೆ ಸರಿಯತೊಡಗಿತು. ರೈತರನ್ನು ಮತ್ತೆ ಒಳಗೊಳ್ಳುವ ಉದ್ದೇಶದಿಂದ ಮೈಸೂರು ಸಂಸ್ಥಾನ 1911ರಲ್ಲಿ ಕೆರೆ ಪಂಚಾಯಿತಿಗಳ ಕಾಯಿದೆಯನ್ನೇ ತಂದಿತು. ಹೊಣೆ ಆಗಲೇ ಕೈಜಾರುತ್ತಿತ್ತು ಎಂಬುದಕ್ಕೆ ಇದು ಪುರಾವೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ವಂಶಪಾರಂಪರ್ಯದ ಹಳ್ಳಿ ಚಾಕರಿಗಳನ್ನು ಕೊನೆಗಾಣಿಸಿತು. ಜಾತಿಗೆ ಕಟ್ಟಿಹಾಕಿದ ದುಡಿಮೆ ಹೋಗಬೇಕಾದದ್ದೇ, ಹೋದದ್ದು ನ್ಯಾಯ. ಆದರೆ ಏರಿ ಕಾಯುವ ಕೆಲಸವನ್ನು ಸಂಬಳ, ಮರ್ಯಾದೆ ಕೊಟ್ಟು ಇನ್ನೊಬ್ಬರಿಗೆ ವಹಿಸುವ ಏರ್ಪಾಡು ಅದರ ಜಾಗಕ್ಕೆ ಬರಲಿಲ್ಲ. ಚಾಕರಿಯ ಜೊತೆಗೆ ಕೆಲಸವೂ ಹೋಯಿತು. ಈಗ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ಸಂಸ್ಥೆಗಳಿಗೆ, 40ರಿಂದ 2,000 ಹೆಕ್ಟೇರ್‌ವರೆಗಿನವು ಸಣ್ಣ ನೀರಾವರಿ ಇಲಾಖೆಗೆ ಸೇರಿವೆ. ಅಂಗಳದ ಜಮೀನಿನ ದಾಖಲೆ ಕಂದಾಯ ಇಲಾಖೆಯಲ್ಲಿ, ಮೀನಿನ ಹರಾಜು ಇನ್ನೊಂದು ಕಡೆ, ನೀರು ಬರುವ ಗುಡ್ಡ ಅರಣ್ಯ ಇಲಾಖೆಯದು. ಒಂದು ಸರಪಳಿಯ ಕೆರೆಗಳೇ ಬೇರೆಬೇರೆ ಕಡತಗಳಲ್ಲಿ ಹಂಚಿಹೋಗಿವೆ. ಪೋರುಮಾಮಿಳ್ಳದ ಶಾಸನ ಹೇಳಿದ ಗಡಿಯ ದೋಷ ಈಗ ಕಚೇರಿಗಳ ನಡುವೆ ಇದೆ.

ಇದರ ಮೇಲೆ ಕೊಳವೆಬಾವಿ ಬಂತು. ಬಾವಿ ಕೊರೆಸಿದವನಿಗೆ ಕೆರೆಯ ಸರದಿಯಾಗಲಿ, ಊರಿನ ಸಭೆಯಾಗಲಿ ಬೇಕಿರಲಿಲ್ಲ. ಗುಂಡಿ ಒತ್ತಿದರೆ ಅವನ ನೀರು ಅವನದು. ಕೆರೆಗೂ ಅವನಿಗೂ ಇದ್ದ ಸಂಬಂಧ ಕಡಿದುಹೋಯಿತು. ಅಂತರ್ಜಲಕ್ಕೆ ನೀರೂಡುವುದೂ ಅದೇ ಕೆರೆ ಎಂಬುದು ಗೊತ್ತಾದದ್ದು ಬಾವಿಗಳು ಒಂದೊಂದೇ ಬತ್ತಿದಾಗ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಸಾವಿರ ಅಡಿ ದಾಟಿ ಕೊರೆಸುವುದು ಮಾಮೂಲಾಯಿತು. ಆಳಕ್ಕೆ ಇಳಿದಂತೆ ನೀರಿನೊಂದಿಗೆ ಫ್ಲೋರೈಡ್ ಬಂತು, ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡಿತು. ಕೆರೆಗೆ ನೀರು ಹರಿಸುತ್ತಿದ್ದ ದಿನ್ನೆಗಳ ಮೇಲೆ ನೀಲಗಿರಿ ಎದ್ದಿತು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ತಡೆದದ್ದು 2017ರಲ್ಲಿ. ರಾಸಾಯನಿಕ ಗೊಬ್ಬರದ ಚೀಲ ಬಂದ ಮೇಲೆ ಗೋಡು ಹೊಡೆಯುವವರು ವಿರಳವಾದರು. ಅಂಗಳದ ತುಂಬ ಬಳ್ಳಾರಿ ಜಾಲಿ ಹಬ್ಬಿತು.

ನಗರದಲ್ಲಿ ಕಥೆ ಇನ್ನೂ ಬೇಗ ಮುಗಿಯಿತು. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳ ಕೆರೆ ಒತ್ತುವರಿಯನ್ನು ಪರಿಶೀಲಿಸಿದ ಕೆ.ಬಿ. ಕೋಳಿವಾಡ ನೇತೃತ್ವದ ಸದನ ಸಮಿತಿ ಹತ್ತು ಸಾವಿರ ಎಕರೆಗೂ ಮೀರಿದ ಕೆರೆ ಜಮೀನು ಒತ್ತುವರಿಯಾಗಿದೆ ಎಂದು ಲೆಕ್ಕ ಕೊಟ್ಟಿತು. ಉಳಿದ ಕೆರೆಗಳಿಗೆ ಮಳೆನೀರು ತರಬೇಕಾದ ರಾಜಕಾಲುವೆಗಳಲ್ಲಿ ಚರಂಡಿ ನೀರು ಹರಿಯಿತು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬೈಕ್ ಸವಾರರ ಮುಖಕ್ಕೆ ಮೆತ್ತಿದ್ದು, 2017ರ ಫೆಬ್ರುವರಿಯಲ್ಲಿ ಆ ಕೆರೆಯಲ್ಲೇ ಬೆಂಕಿ ಎದ್ದದ್ದು ದೇಶವೆಲ್ಲ ಕಂಡ ದೃಶ್ಯ. ಆ ನೊರೆಯಲ್ಲಿ ಮೇಲ್ಭಾಗದ ಮನೆಮನೆಯ ಬಚ್ಚಲಿನ, ವಾಷಿಂಗ್ ಮೆಷಿನ್ನಿನ ಸೋಪಿನ ನೀರು ಸೇರಿತ್ತು. ಶುದ್ಧೀಕರಣ ಘಟಕ ಕಟ್ಟದ ಸಂಸ್ಥೆ, ಕಟ್ಟಿದ ಘಟಕವನ್ನು ಓಡಿಸದ ಅಪಾರ್ಟ್‌ಮೆಂಟ್, ಒಳಚರಂಡಿ ಸಂಪರ್ಕವನ್ನು ಕದ್ದು ಕಾಲುವೆಗೆ ಬಿಟ್ಟ ಮನೆ, ಎಲ್ಲರ ಪಾಲೂ ಅದರಲ್ಲಿದೆ. ಪಾಲು ಸಮಾನವಲ್ಲ, ಹಾಗಾಗಿ ಹೊಣೆಯೂ ಸಮಾನವಾಗಬಾರದು. ಎಲ್ಲರೂ ಹೊಣೆಗಾರರು ಎಂಬ ಮಾತಿನ ಮರೆಯಲ್ಲಿ ದೊಡ್ಡ ತಪ್ಪಿತಸ್ಥರು ಪಾರಾಗುವುದುಂಟು. 2022ರ ಸೆಪ್ಟೆಂಬರಿನಲ್ಲಿ ಇದೇ ಕೆರೆಗಳ ಸುತ್ತಲಿನ ಬಡಾವಣೆಗಳು ಮುಳುಗಿ ಜನ ಟ್ರ್ಯಾಕ್ಟರ್, ದೋಣಿಗಳಲ್ಲಿ ಹೊರಬಂದರು. 2024ರ ಬೇಸಿಗೆಯಲ್ಲಿ ಅದೇ ನಗರ ಟ್ಯಾಂಕರ್ ನೀರಿಗೆ ಸಾಲುಗಟ್ಟಿತು. ನೀರು ನಿಲ್ಲುವ ಜಾಗ ಕಳೆದುಕೊಂಡ ಊರಿಗೆ ನೆರೆ, ಬರ ಎರಡೂ ಒಟ್ಟಿಗೇ ಬರುತ್ತವೆ.

ಸರಿಪಡಿಸುವ ಪ್ರಯತ್ನಗಳೂ ನಡೆದಿವೆ, ಅವುಗಳಿಂದ ಕಲಿಯುವುದು ಬೇಕಾದಷ್ಟಿದೆ. 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಆರಂಭವಾದ ಜಲ ಸಂವರ್ಧನೆ ಯೋಜನೆ ಊರೂರಿನಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿತು. ಹೂಳೆತ್ತುವ ಗುತ್ತಿಗೆಯ ಲೆಕ್ಕವನ್ನು ಊರಿನವರೇ ಇಡುವುದು, ಮಹಿಳೆಯರೂ ಭೂಮಿಯಿಲ್ಲದವರೂ ಸಮಿತಿಯಲ್ಲಿ ಕೂರುವುದು ಹಳೆಯ ವ್ಯವಸ್ಥೆಯಲ್ಲಿ ಇರದ ಸಂಗತಿಗಳು. ಆದರೆ ಹಣ ಹರಿದುಬರುವಾಗ ಚುರುಕಾಗಿದ್ದ ಎಷ್ಟೋ ಸಂಘಗಳು ಯೋಜನೆ ಮುಗಿದ ಮೇಲೆ ತಣ್ಣಗಾದವು. ಹೂಳು ಒಮ್ಮೆ ಎತ್ತಿದರೆ ಮುಗಿಯುವ ಕೆಲಸವಲ್ಲ. ಪ್ರತಿವರ್ಷ ಏರಿಯ ಬಿಲ ಮುಚ್ಚುವ, ಕಾಲುವೆಯ ಪೊದೆ ಕಡಿಯುವ ಸಣ್ಣ ಕೆಲಸಕ್ಕೆ ಯೋಜನೆಗಳು ಸಾಕಷ್ಟು ಹಣ ಎತ್ತಿಡುವುದು ಅಪರೂಪ. ಕೆರೆ ನಿಲ್ಲುವುದೂ ಬೀಳುವುದೂ ಆ ಸಣ್ಣ ಕೆಲಸದಿಂದಲೇ.

ಬೆಂಗಳೂರಿನ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯಲ್ಲಿ ನೆರೆಹೊರೆಯವರು ಟ್ರಸ್ಟ್ ಕಟ್ಟಿಕೊಂಡು, 2011ರಲ್ಲಿ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ನಿರ್ವಹಣೆಗೆ ಇಳಿದರು. ಜಕ್ಕೂರು ಕೆರೆಗೆ ಕೊಳಚೆ ಘಟಕದಲ್ಲಿ ಶುದ್ಧೀಕರಿಸಿದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಬರುತ್ತದೆ. ಜೊಂಡಿನ ಬೇರುಗಳು ಉಳಿದ ಸಾರಜನಕ, ರಂಜಕಗಳನ್ನು ಒಂದಷ್ಟು ಹೀರುತ್ತವೆ. ಅಲ್ಲಿ ಬೆಸ್ತರು ಬಲೆ ಬೀಸುವುದೂ ಹಕ್ಕಿ ನೋಡುವವರು ದುರ್ಬೀನು ಹಿಡಿದು ನಿಲ್ಲುವುದೂ ಒಂದೇ ಬೆಳಗಿನಲ್ಲಿ ಕಾಣುತ್ತದೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ದಿನಕ್ಕೆ 44 ಕೋಟಿ ಲೀಟರ್, 126 ಕೆರೆಗಳು ಎಂಬುದು ಯೋಜನೆಯ ಆರಂಭದ ಗುರಿಯಾಗಿತ್ತು. ಬತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಕಂಡ ರೈತರು ಹರ್ಷಪಟ್ಟರು. ಮೂರನೇ ಹಂತದ ಶುದ್ಧೀಕರಣವಿಲ್ಲದೆ ಈ ನೀರನ್ನು ಅಂತರ್ಜಲಕ್ಕೆ ಇಂಗಿಸುವುದು ಸರಿಯೇ ಎಂದು ಹೋರಾಟಗಾರರು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದು. ತನ್ನ ಬಚ್ಚಲ ನೀರನ್ನು ಇನ್ನೊಂದು ಜಿಲ್ಲೆಗೆ ಕಳುಹಿಸುವ ನಗರ ಅದನ್ನು ಪೂರ್ತಿ ಶುದ್ಧಗೊಳಿಸುವ ಖರ್ಚನ್ನೂ ಹೊರಬೇಕು.

ಒಳ್ಳೆಯ ಮನಸ್ಸಿದ್ದೂ ತಿಳಿವಳಿಕೆ ಇಲ್ಲದಿದ್ದರೆ ಕೆರೆಗೆ ಕೆಡುಕೇ ಆಗುತ್ತದೆ. ಅಭಿವೃದ್ಧಿಯ ಹೆಸರಿನಲ್ಲಿ ಸುತ್ತಲೂ ಏರಿ ಹಾಕಿ, ಮೇಲೆ ನಡಿಗೆಯ ದಾರಿ ಮಾಡಿ, ಕೆರೆಯನ್ನು ಬಟ್ಟಲಿನಂತೆ ತೋಡಿದ ಕಡೆಗಳಲ್ಲಿ ಸುತ್ತಲಿನ ಇಳಿಜಾರಿನಿಂದ ಬರುವ ನೀರಿಗೇ ತಡೆಯಾಯಿತು. ನೀರುಹಕ್ಕಿಗಳಿಗೆ ಬೇಕಾದ ಮೊಣಕಾಲುದ್ದದ ತೆಳುನೀರು ಮಾಯವಾಯಿತು. ತೂಬಿನ ಮಟ್ಟಕ್ಕಿಂತ ಕೆಳಗೆ ತೋಡಿದರೆ ಅಲ್ಲಿ ನಿಂತ ನೀರು ಅಚ್ಚುಕಟ್ಟಿಗೆ ಹರಿಯದು. ದನಕರುಗಳಿಗೆ, ಇಂಗುವುದಕ್ಕೆ ಮಾತ್ರ ಒದಗೀತು. ಎಲ್ಲಿ, ಎಷ್ಟು ತೋಡಬೇಕೆಂಬುದು ಯಂತ್ರ ತಂದವನಿಗಿಂತ ಆ ನೀರಿನಲ್ಲಿ ಬದುಕಿದವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವರನ್ನು ಕೇಳಬೇಕು, ಕೇಳಿ ಕಲಿಯಬೇಕು.

ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕಲಿತದ್ದು ಕುರಿಗಳಿಂದ. ಬೇಸಿಗೆಯಲ್ಲಿ ಬೆಟ್ಟದ ಮೇಲೆ ಕುರಿಗಳಿಗೂ ಕಾಡುಪ್ರಾಣಿಗಳಿಗೂ ಗುಟುಕು ನೀರಿಲ್ಲದ್ದನ್ನು ಕಂಡು ಈ ಕುರಿಗಾಹಿ ತಾವೇ ಕಟ್ಟೆ ತೋಡಲು ನಿಂತರು. ಸಲಕರಣೆ ಕೊಳ್ಳಲು ಕುರಿಗಳನ್ನೇ ಮಾರಿದರು. ದಶಕಗಳ ದುಡಿಮೆಯಲ್ಲಿ ಹತ್ತಕ್ಕೂ ಹೆಚ್ಚು ಕಟ್ಟೆಗಳು ಎದ್ದವು, ದಾರಿಬದಿಯಲ್ಲಿ ಆಲದಂಥ ಮರಗಳು ಬೆಳೆದವು. ತಮಗೆ ಬಂದ ಪ್ರಶಸ್ತಿಯ ಹಣದ ಪಾಲನ್ನೂ ಅದಕ್ಕೇ ಸುರಿದರು. 2020ರಲ್ಲಿ ಪ್ರಧಾನಿಯ ಬಾನುಲಿ ಭಾಷಣದಲ್ಲಿ ಅವರ ಹೆಸರು ಬಂದಾಗ ದೇಶಕ್ಕೆ ಪರಿಚಿತರಾದರು, 2022ರಲ್ಲಿ ತೀರಿಕೊಂಡರು. ಒಬ್ಬ ಮನುಷ್ಯ ಇಷ್ಟು ಮಾಡಬಹುದು ಎಂಬುದಕ್ಕೆ ಅವರು ದೊಡ್ಡ ಆಧಾರ. ಆದರೆ ಒಬ್ಬರ ತ್ಯಾಗವನ್ನು ಕೊಂಡಾಡಿ ಉಳಿದವರು ಮನೆಗೆ ಹೋಗುವುದಾದರೆ ಆ ಕೊಂಡಾಟಕ್ಕೆ ಬೆಲೆಯಿಲ್ಲ. ತೋಡಿದವರು ಹೋದ ಮೇಲೂ ಕಟ್ಟೆಗೆ ಹೂಳು ಬರುತ್ತದೆ.

ಸಂವಿಧಾನದ 51ಎ ವಿಧಿ 1976ರ 42ನೇ ತಿದ್ದುಪಡಿಯಿಂದ ಸೇರಿದ್ದು. ಅದು ನಾಗರಿಕರ ಕರ್ತವ್ಯಗಳಲ್ಲಿ ಅರಣ್ಯ, ನದಿ, ವನ್ಯಜೀವಿಗಳ ಜೊತೆ ಕೆರೆ ಸರೋವರಗಳ ರಕ್ಷಣೆಯನ್ನೂ ಎಣಿಸುತ್ತದೆ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು, ಒಬ್ಬೊಬ್ಬರಾಗಿಯೂ ಒಟ್ಟಾಗಿಯೂ ಶ್ರೇಷ್ಠತೆಯತ್ತ ಸಾಗುವುದು ಅದೇ ಪಟ್ಟಿಯಲ್ಲಿವೆ. ಕೆರೆಯ ಕೆಲಸದಲ್ಲಿ ಈ ಕರ್ತವ್ಯಗಳನ್ನು ಬೇರ್ಪಡಿಸುವುದೇ ಸಾಧ್ಯವಿಲ್ಲ. ಸಮಿತಿಯಲ್ಲಿ ಕೂತ ಹೆಣ್ಣುಮಗಳು ಬಿಲ್ಲು, ರಸೀದಿ ಓದಲು ಕಲಿಯುತ್ತಾಳೆ, ಗುತ್ತಿಗೆದಾರನನ್ನು ಎದುರಿಗೇ ಪ್ರಶ್ನಿಸುವ ಧೈರ್ಯ ಪಡೆಯುತ್ತಾಳೆ. ನೀರಿನ ಮಾದರಿ ಪರೀಕ್ಷಿಸುವ ವಿದ್ಯಾರ್ಥಿಗೆ ರಸಾಯನಶಾಸ್ತ್ರ ಪುಸ್ತಕದಿಂದ ಎದ್ದು ಬರುತ್ತದೆ. ಒತ್ತುವರಿ ತೆರವಿಗೆ ಅರ್ಜಿ ಹಾಕಿದ ರೈತ ನಕಾಶೆ ಓದುವುದನ್ನು ಕಲಿಯುತ್ತಾನೆ, ಒತ್ತುವರಿ ಮಾಡಿದ ನೆಂಟನೊಡನೆ ನಿಷ್ಠುರ ಕಟ್ಟಿಕೊಂಡೂ ಊರಿನಲ್ಲಿ ಬಾಳುವುದನ್ನೂ ಕಲಿಯಬೇಕಾಗುತ್ತದೆ. ಈ ಕಡೆಯದು ಎಲ್ಲಕ್ಕಿಂತ ಕಠಿಣ, ಹೆಚ್ಚಿನ ಪ್ರಯತ್ನಗಳು ಮುರಿಯುವುದೂ ಅಲ್ಲೇ.

ಕಾನೂನಿನ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮುಂದಿನ ಸಭೆಗೆ ಹೋಗುವವರು ತಮ್ಮೂರ ಕೆರೆಯ ಸರ್ವೆ ನಂಬರನ್ನೂ ಗ್ರಾಮ ನಕಾಶೆಯನ್ನೂ ಜೊತೆಗೆ ಒಯ್ಯಲಿ. ಕೆರೆಯ ಹದ್ದುಬಸ್ತು ಯಾವಾಗ ಆಯಿತು, ಅದು ಯಾವ ಇಲಾಖೆಯ ಸುಪರ್ದಿಯಲ್ಲಿದೆ, ಈ ಮಳೆಗಾಲಕ್ಕೆ ಏರಿ, ತೂಬು, ಕಾಲುವೆ ನೋಡಿಕೊಳ್ಳುವವರು ಯಾರು, ಅವರಿಗೆ ಕೂಲಿ ಎಷ್ಟು ಎಂದು ಕೇಳಲಿ. ನಗರದವರು ತಮ್ಮ ಮನೆಯ ಕೊಳಚೆ ಎಲ್ಲಿಗೆ ಸೇರುತ್ತದೆಂದು ತಿಳಿದುಕೊಂಡು ಇದೇ ಪ್ರಶ್ನೆಗಳನ್ನು ಪಾಲಿಕೆಗೆ ಬರೆದು ಕೇಳಲಿ. ಉತ್ತರವಾಗಿ ಒಂದು ಹೆಸರು ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಸಭೆ ಬಿಟ್ಟು ಏಳಬಾರದು.